ಕೂಲಿಯ ಸಾಲು ಖಾಲಿ

ಸೇಡಂ ರಸ್ತೆಯಿಂದ ಒಳಗೆ ತಿರುಗಿದ ಮೇಲೆ ಮನೆ ಯಾವುದೆಂದು ಕೇಳಲು ಯಾರೂ ಸಿಗುವುದಿಲ್ಲ. ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟಿ ನೆತ್ತಿ ಸುಡುವ ಇದೇ ಕಲಬುರಗಿ ಈಗ ಚಾದರ ಎಳೆದುಕೊಂಡು ಮಲಗಿದೆ. ಎರಡನೇ ಗಲ್ಲಿಯ ಬಾಯಲ್ಲಿ ನಿಂತು ಕಿವಿಗೊಡಿ. ತಪ್ ತಪ್ ತಪ್, ಒಂದು ಸಣ್ಣ ಬಿಡುವು, ಮತ್ತೆ ತಪ್ ತಪ್. ಆ ಬಿಡುವಿನಲ್ಲಿ ರೊಟ್ಟಿ ಅಂಗೈ ಕೆಳಗೆ ಕಾಲು ಸುತ್ತು ತಿರುಗಿರುತ್ತದೆ. ಸದ್ದಿನ ಬೆನ್ನು ಹಿಡಿದು ನಡೆದರೆ ತಗಡಿನ ಬಾಗಿಲು, ಅದರ ಸಂದಿಯಲ್ಲಿ ಬೆಂಕಿಯ ಕೆಂಪು.

ಬಾಗಿಲು ತಳ್ಳಿದರೆ ಮೊದಲು ಹೊಗೆ ಬರುತ್ತದೆ, ಆಮೇಲೆ ಬಿಸಿ, ಆಮೇಲೆ ಮಾತು.

"ಚಪ್ಪಲಿ ಅಲ್ಲೇ ಬಿಡ್ರಿ, ಒಳಗ ಬರ್ರಿ. ಚಾ ಕುಡೀತೀರಿಲ್ಲ?"

ಉತ್ತರಕ್ಕೆ ಯಾರೂ ಕಾಯುವುದಿಲ್ಲ, ಕೈಗೆ ಲೋಟ ಬಂದಾಗಿದೆ. ನಾಲ್ಕು ಒಲೆ, ಐದು ಹೆಂಗಸರು. ಇಲ್ಲಿ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ನಂಟೇ ಹೆಸರು. ಮೂಲೆಯ ಒಲೆಯ ಮುಂದೆ ಕೂತವಳು ಅಕ್ಕ, ಈ ಮನೆಯವಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಗೋಡೆಗೆ ಬೆನ್ನು ಕೊಟ್ಟು ಹಿಟ್ಟು ಸಾಣಿಸುತ್ತಿರುವವರು ಕಾಕಿ, ಅರವತ್ತು ದಾಟಿದೆ. ನಡುವಿನ ಎರಡು ಒಲೆಗೆ ಇಬ್ಬರು ವೈನಿಯರು. ಬಾಗಿಲ ಬಳಿ ಪ್ಯಾಕೆಟ್ ಎಣಿಸುತ್ತಿರುವ ಹುಡುಗಿ ತಂಗಿ. ಬಿ.ಎ. ಮುಗಿಸಿದ್ದಾಳೆ, ರೊಟ್ಟಿ ಬಡಿಯಲು ಬರುವುದಿಲ್ಲ.

"ನಾ ಇಕೀಗಿ ರೊಟ್ಟಿ ಕಲಸ್ತೀನಿ, ಇಕಿ ನನಗ ಫೋನ್ ಕಲಸ್ತಾಳ," ಎನ್ನುತ್ತಾಳೆ ಅಕ್ಕ. "ಇಬ್ಬರೂ ದಡ್ಡರೇ. ಹಂಗಾಗಿ ಜಗಳಿಲ್ಲ."

ಅಕ್ಕನ ಕೈ ನೋಡಿ. ಪರಾತದಲ್ಲಿ ಹಿಟ್ಟಿನ ಗುಡ್ಡೆ, ನಡುವೆ ಗುಂಡಿ, ಅದಕ್ಕೆ ಕುದಿಯುವ ಎಸರು. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿನೀರು ಬಿದ್ದು ಹಿಟ್ಟು ಅರ್ಧ ಬೆಂದಾಗಲೇ ಅದಕ್ಕೆ ಹಿಡಿತ. ಚಮಚದಲ್ಲಿ ಒಂದು ಸಲ ತಿರುವಿ, ಇನ್ನೂ ಹೊಗೆಯಾಡುವ ಹಿಟ್ಟಿಗೆ ಅಂಗೈ ಇಳಿಸುತ್ತಾಳೆ. ನಿಮ್ಮ ಕೈ ಅಲ್ಲಿಟ್ಟರೆ ನೀವು ಕೂಗುತ್ತೀರಿ. ಉಂಡೆ, ಒಣಹಿಟ್ಟು, ತಪ್ ತಪ್, ಮತ್ತೆ ಹಂಚಿಗೆ. ಮೇಲೆ ಒದ್ದೆ ಅರಿವೆಯಿಂದ ನೀರು ಸವರಿದಾಗ ಚುಂಯ್ ಎನ್ನುತ್ತದೆ. ಹೊರಳಿಸಿ, ಉಬ್ಬಿಸಿ, ಇಳಿಸಿ, ಒಲೆಯ ಮಗ್ಗುಲಿಗೆ ಒರಗಿಸಿ ನಿಲ್ಲಿಸುತ್ತಾಳೆ. ಅಲ್ಲಿ ಅದು ಕಾವಿಗೆ ಒಣಗಿ ಕಡಕ್ ಆಗಬೇಕು. ಒಂದಕ್ಕೆ ಎರಡು ನಿಮಿಷ. ನೂರಕ್ಕೆ ಎಷ್ಟು ಹೊತ್ತು, ನೀವೇ ಗುಣಿಸಿ.

ಆರೂವರೆಗೆ ಹೊರಗೆ ಬೆಳಕಾಗುತ್ತದೆ. ತಂಗಿ ಸ್ಟೀಲ್ ಡಬ್ಬಿಯೊಂದರ ದೊಡ್ಡ ಮುಚ್ಚಳ ತಂದು ಪ್ರತಿ ರೊಟ್ಟಿಯ ಮೇಲೂ ಇಟ್ಟು ನೋಡುತ್ತಾಳೆ. ಅಂಚಿನಾಚೆ ಇಣುಕಿದರೆ ದೊಡ್ಡದು, ಒಳಗೇ ಉಳಿದರೆ ಸಣ್ಣದು. ಸಣ್ಣವು ಮನೆಗೆ. ವೈನಿಯ ರೊಟ್ಟಿಯೊಂದು ಸಣ್ಣದಾಯಿತು.

"ಹೊಟ್ಟಿಗಿ ಹೋಗೋದಕ್ಕ ಅಳತಿ ಯಾಕವ್ವ?"

"ಪ್ಯಾಕೆಟ್ ಮ್ಯಾಲ ತೂಕ ಬರೀಬೇಕ್ರಿ ವೈನಿ."

ಇದು ಈ ಮನೆಯ ಹಳೆಯ ತಕರಾರು. ರೊಟ್ಟಿಯನ್ನು ಜನ ಎಣಿಸಿ ಕೊಳ್ಳುತ್ತಾರೆ, ಹತ್ತರ ಕಟ್ಟು, ಇಪ್ಪತ್ತರ ಕಟ್ಟು. ಕಾನೂನು ತೂಗಿ ಮಾರು ಎನ್ನುತ್ತದೆ. ಪ್ಯಾಕೆಟ್ಟಿನ ಮೇಲೆ ನಿವ್ವಳ ತೂಕ, ತಯಾರಿಸಿದ ದಿನ, ಯಾವತ್ತಿನೊಳಗೆ ತಿನ್ನಬೇಕು, ವಿಳಾಸ, ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರು. ಕೈಯಲ್ಲಿ ಬಡಿದದ್ದು ಒಂದರಂತೆ ಒಂದು ಇರುವುದಿಲ್ಲ. ಮುಚ್ಚಳದ ಉಪಾಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಸ್ವಸಹಾಯ ಸಂಘಗಳ ಸರಸ್ ಮೇಳದಲ್ಲಿ ಪಕ್ಕದ ಮಳಿಗೆಯಲ್ಲಿ ಕೂತಿದ್ದ ಹುಬ್ಬಳ್ಳಿಯ ಹಪ್ಪಳದವಳು ಹೇಳಿಕೊಟ್ಟದ್ದು. ಅಕ್ಕನ ಫೋನಿನಲ್ಲಿ ಅವಳ ಹೆಸರು "ಹಪ್ಪಳದಕ್ಕ". ಆ ಫೋನನ್ನು ನೀವು ಒಂದು ಸಲ ತೆರೆದು ನೋಡಬೇಕು. ಬೀದರ್ ಹಿಂಡಿ. ಪ್ಯಾಕೆಟ್ ಭಾಬಿ. ಗಿರಣಿ. ಬ್ಯಾಂಕ್ ಮೇಡಂ. ಅದರ ಕೆಳಗೆ ಇನ್ನೊಂದು: ಬ್ಯಾಂಕ್ ಮೇಡಂ ಛಲೋದಾಕಿ.

ಹಪ್ಪಳದಕ್ಕನ ಋಣ ಮುಚ್ಚಳಕ್ಕೆ ಮುಗಿಯುವುದಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಅಂಗಡಿಯೊಂದು ಐನೂರು ರೊಟ್ಟಿ ಕೇಳಿತ್ತು. ಅಷ್ಟು ದೊಡ್ಡ ಆರ್ಡರ್ ಅದೇ ಮೊದಲು. ರಾತ್ರಿಯಿಡೀ ಬಡಿದು, ಬಸ್ಸಿಗೆ ಹೊತ್ತಾಯಿತೆಂದು ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ಕಿಗೆ ತುಂಬಿ ಕಟ್ಟಿದರು. ಮೂರನೇ ದಿನ ಫೋಟೊ ಬಂತು. ರೊಟ್ಟಿಯ ಮೇಲೆ ಹಸಿರು ಬೂಷ್ಟು. ದುಡ್ಡೂ ಬರಲಿಲ್ಲ, ಮತ್ತೊಂದು ಆರ್ಡರೂ ಬರಲಿಲ್ಲ. ಅವತ್ತು ಅಕ್ಕ ಅತ್ತದ್ದನ್ನು ಕಾಕಿ ಈಗಲೂ ಅಭಿನಯಿಸಿ ತೋರಿಸುತ್ತಾರೆ, ಅಕ್ಕ ಹುಸಿಮುನಿಸಿನಿಂದ ಹಿಟ್ಟು ಎರಚುತ್ತಾಳೆ. ಸಂಜೆ ಹಪ್ಪಳದಕ್ಕನಿಗೆ ಫೋನ್ ಮಾಡಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಬಿಸಿ ಇದ್ದಾಗ ಕಟ್ಟಿದ್ಯಾ?" ಒಳಗೆ ಉಳಿದ ಹಬೆ ತಣ್ಣಗಾಗಿ ನೀರಾಗುತ್ತದೆ, ನೀರಿರುವಲ್ಲಿ ಬೂಷ್ಟು ಬರುತ್ತದೆ. ಈಗ ಈ ಮನೆಯಲ್ಲಿ ರೊಟ್ಟಿ ಬೆಳಗ್ಗೆ ಒಣಗಿ, ಮಧ್ಯಾಹ್ನದವರೆಗೆ ಬಟ್ಟೆಯ ಮೇಲೆ ಹರಡಿ, ಮುರಿದರೆ ಕಟಕ್ ಎಂದಮೇಲೆಯೇ ಪ್ಯಾಕೆಟ್ಟಿಗೆ.

ಗೋಡೆಯ ಮೇಲೆ ಹತ್ತು ದಿನದ ತರಬೇತಿಯ ಪ್ರಮಾಣಪತ್ರ ಕಟ್ಟು ಹಾಕಿಸಿ ತೂಗುಬಿಟ್ಟಿದೆ. ಹಳ್ಳಿಯವರಿಗೆ ಹೀಗೆ ಉಚಿತವಾಗಿ ಉದ್ಯೋಗ ಕಲಿಸುವ ಸಂಸ್ಥೆ ಮೊದಲು ಹುಟ್ಟಿದ್ದು ನಮ್ಮ ಉಜಿರೆಯಲ್ಲಿ, 1982ರಲ್ಲಿ, ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ಕಟ್ಟಿದ ರುಡ್‌ಸೆಟಿ. ಈಗ ದೇಶದ ತುಂಬ ಆ ಮಾದರಿಯಿದೆ. ಮರುವರ್ಷ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳೇ ಸೇರಿ ‘ಅವೇಕ್’ ಕಟ್ಟಿಕೊಂಡರು. ಒಳ್ಳೆಯ ಕೆಲಸಗಳೇ. ಆದರೂ ತರಬೇತಿಯಲ್ಲಿ ಏನು ಕಲಿತಿರಿ ಎಂದು ಕೇಳಿದರೆ ಅಕ್ಕ ರೊಟ್ಟಿ ಹೊರಳಿಸುತ್ತಲೇ ಹೇಳುತ್ತಾಳೆ: "ಊಟಕ್ಕ ಕುಂತಾಗ ಬಾಜೂಕ ಯಾರ್ ಕುಂತಿದ್ರೋ ಅವರ ನಂಬರ್ ಬಂತು ನೋಡ್ರಿ. ಅದೇ ಕಲ್ತದ್ದು."

ಕಾಕಿಯೂ ಹೋಗಿದ್ದರು. ಅಲ್ಲಿ ಸೂಟು ತೊಟ್ಟ ಒಬ್ಬರು "ನೆಟ್‌ವರ್ಕ್ ಬೆಳೆಸಿಕೊಳ್ಳಿ, ನೆಟ್‌ವರ್ಕ್ ಮುಖ್ಯ" ಎಂದು ಗಂಟೆಗಟ್ಟಲೆ ಹೇಳಿದರಂತೆ. ಕಾಕಿ ಎದ್ದು ನಿಂತು ಹೇಳಿದರು, "ನಮ್ಮನ್ಯಾಗ ಬರ್ತದ್ರಿ ಸಾಹೇಬ್ರ. ಮಾಳಗಿ ಮ್ಯಾಲ ಹೋದ್ರ ಎರಡು ಕಡ್ಡಿ ಬರ್ತದ."

ಸಭೆ ನಕ್ಕಿತು. ಕಾಕಿಯ ಮಾತಿನಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಗಂಡಸಿಗೆ ಊರ ಕಟ್ಟೆಯಿದೆ, ಚಾದಂಗಡಿಯಿದೆ, ಸಾಲಿಯಲ್ಲಿ ಜೊತೆಗೆ ಓದಿದ ಗೆಳೆಯ ಅದೇ ಓಣಿಯಲ್ಲಿ ಅಂಗಡಿ ಹಾಕಿಕೊಂಡು ಕೂತಿದ್ದಾನೆ. ಯಾರ ರೇಟ್ ಎಷ್ಟು, ಯಾರು ಉದ್ರಿ ಕೊಡುತ್ತಾರೆ ಎಂಬುದು ಅವನಿಗೆ ಬೀಡಿ ಹಚ್ಚುವಷ್ಟರಲ್ಲಿ ತಿಳಿಯುತ್ತದೆ. ಹೆಣ್ಣುಮಗಳು ಬಳಗವನ್ನೆಲ್ಲ ತವರಿನಲ್ಲಿ ಬಿಟ್ಟು ಗಂಡನ ಊರಿಗೆ ಬರುತ್ತಾಳೆ. ಇಲ್ಲಿ ಅವಳಿಗೆ ಮೊದಲ ಹತ್ತು ವರ್ಷ ಗೊತ್ತಿರುವುದು ನೀರಿನ ನಳ, ಗಿರಣಿ, ದೇವರ ಗುಡಿ. ಮಾಳಿಗೆ ಹತ್ತಿಯೇ ಕಡ್ಡಿ ಹುಡುಕಬೇಕು.

ಎಂಟಕ್ಕೆ ಒಲೆಗಳು ಒಂದೊಂದಾಗಿ ಆರುತ್ತವೆ. ಹೆಂಗಸರು ರೊಟ್ಟಿ ಹರಡಿ, ಮನೆಗೆ ಹೋಗಿ, ಮಕ್ಕಳಿಗೆ ಉಣಿಸಿ ಕಳಿಸಿ, ಹನ್ನೊಂದಕ್ಕೆ ಸಮುದಾಯ ಭವನಕ್ಕೆ ಬರಬೇಕು. ಇವತ್ತು ಮಹಿಳಾ ಸ್ವಸಹಾಯ ಸಂಘದ ಸಭೆ. ಪಕ್ಕದ ಹಳ್ಳಿಗಳ ಎರಡು ಸಂಘದವರೂ ಬರುತ್ತಾರೆ. ನೀವೂ ಬನ್ನಿ.

ಜಮಖಾನದ ಮೇಲೆ ಇಪ್ಪತ್ತೈದು ಮೂವತ್ತು ಮಂದಿ. ಮಧ್ಯದಲ್ಲಿ ಠರಾವು ಪುಸ್ತಕ, ಉಳಿತಾಯದ ಪೆಟ್ಟಿಗೆ. ಹೀಗೆ ಸುತ್ತುಗಟ್ಟಿ ಕೂರುವ ಈ ಸಭೆ ದೇಶದ ಮೂಲೆಮೂಲೆಯಲ್ಲಿ ನಡೆಯುತ್ತದೆ, ಆದರೆ ಅದರ ಬೇರಿನ ಒಂದು ಕವಲು ಕರ್ನಾಟಕದ ಮಣ್ಣಿನಲ್ಲೇ ಇದೆ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಒಬ್ಬರನ್ನೊಬ್ಬರು ನಂಬುವ ಸಣ್ಣಸಣ್ಣ ಗುಂಪುಗಳು ಉಳಿದುಕೊಂಡವು. 1987ರಲ್ಲಿ ನಬಾರ್ಡ್ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟು ಆ ಗುಂಪುಗಳನ್ನು ಬೆಳೆಸಿ ನೋಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಸರ್ಕಾರದ ಸ್ತ್ರೀಶಕ್ತಿ, ಸಂಜೀವಿನಿಗಳೆಲ್ಲ ಆಮೇಲಿನವು. ಸಾಲಕ್ಕಾಗಿ ಕೂಡಿಸಿದ ಈ ಸುತ್ತಿನಲ್ಲಿ ಸಾಲದ ಮಾತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನಿಜವಾದ ಸಭೆ ಅದರ ನಂತರದ್ದು.

ಇವತ್ತಿನ ಮೊದಲ ಸುದ್ದಿ ತಂಗಿಯ ಫೋನಿನಲ್ಲಿದೆ. ಲಿಜ್ಜತ್ ಹಪ್ಪಳದ ಕಥೆಯ ವಿಡಿಯೊ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಿದ್ದು, ಮೊದಲ ದಿನ ನಾಲ್ಕು ಪ್ಯಾಕೆಟ್ ಆಗಿದ್ದು. ಎಲ್ಲರೂ ಬಾಯಿ ತೆರೆದು ನೋಡುತ್ತಾರೆ. ಮುಗಿದ ಮೇಲೆ ಕಾಕಿಯ ಪ್ರಶ್ನೆ: "ಎಂಬತ್ತು ರೂಪಾಯಿ ಸಾಲಕ್ಕ ಜಾಮೀನು ಯಾರ್ ನಿಂತಿದ್ರು?" ವಿಡಿಯೊ ಮಾಡಿದವರಿಗೆ ಇದು ಹೊಳೆದಿಲ್ಲ.

ಅಲ್ಲಿಂದ ಚರ್ಚೆ ಬೇರೆ ದಾರಿ ಹಿಡಿಯುತ್ತದೆ. ಲಿಜ್ಜತ್‌ನಲ್ಲಿ ಹಿಟ್ಟು ಒಂದೇ ಕಡೆ ಕಲಸಿ, ಮನೆಮನೆಗೆ ಹಂಚಿ, ಮರುದಿನ ಹಪ್ಪಳ ತೂಗಿ ಕೂಲಿ ಕೊಡುತ್ತಾರೆ. ನಾವು ಹಾಗೆ ಮಾಡಬಹುದೇ? "ಆಗಂಗಿಲ್ಲ," ಎನ್ನುತ್ತಾಳೆ ವೈನಿ. "ಉದ್ದಿನ ಹಿಟ್ಟು ಕಾಯ್ತದ. ಜ್ವಾಳದ ಹಿಟ್ಟು ಎಸರು ಬಿದ್ದ ಮ್ಯಾಲ ಕಾಯಂಗಿಲ್ಲ, ಸೀಳ್ತದ." ಹಾಗಾದರೆ ಕಲಸಿದ ಹಿಟ್ಟಿನ ಬದಲು ಬೀಸಿದ ಹಿಟ್ಟು ಹಂಚೋಣ, ಒಂದೇ ಗಿರಣಿಯದ್ದು, ಒಂದೇ ಜೋಳದ್ದು, ಮಾಲದಂಡಿ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅದಕ್ಕೇ ಎರಡು ದಿನಕ್ಕೊಮ್ಮೆ ಬೀಸಬೇಕು. ಯಾರೂ ಬರೆದುಕೊಳ್ಳುತ್ತಿಲ್ಲ, ಆದರೆ ಒಂದು ಉದ್ಯಮದ ಗುಣಮಟ್ಟದ ನಿಯಮಗಳು ನಿಮ್ಮ ಕಣ್ಣೆದುರೇ ಒಂದೊಂದಾಗಿ ಹುಟ್ಟುತ್ತಿವೆ.

ಆಗ ಬಾಗಿಲ ಕಡೆ ಕೂತಿದ್ದ ಹಸಿರು ಸೀರೆಯವಳು ಮೆಲ್ಲಗೆ ಹೇಳುತ್ತಾಳೆ: ನೂರು ರೊಟ್ಟಿಗೆ ನನಗೆ ಇನ್ನೂರು ಲಾಭ ಸಿಗುತ್ತದೆ.

ಅಕ್ಕ ಬಳಪ ತಗೊಂಡು ನೆಲದ ಮೇಲೆ ಬರೆಯತೊಡಗುತ್ತಾಳೆ. ಅಂಕಿ ಸೊಟ್ಟ, ಆದರೆ ಸಾಲು ನೇರ. ಏಳು ಕಿಲೋ ಜೋಳ, 315. ಬೀಸಿದ್ದು 35. ಕಟ್ಟಿಗೆ 70. ಪ್ಯಾಕೆಟ್ಟು, ಚೀಟಿ 40. ಆಟೊ 40. ಒಟ್ಟು 500. ರೊಟ್ಟಿಗೆ ಏಳರಂತೆ ಅಂಗಡಿಗೆ ಕೊಟ್ಟರೆ 700.

"ಹೌದಲ್ರಿ? ಇನ್ನೂರು!"

"ನಿನ್ನ ಕೂಲಿ ಯಾವ ಸಾಲಿನಾಗ ಬರ್ದಿ?"

ಸದ್ದಿಲ್ಲ. ಹಸಿರು ಸೀರೆಯವಳು ನೆಲ ನೋಡುತ್ತಾಳೆ, ಅಲ್ಲಿ ಆಟೊದ ಕೆಳಗೆ ಖಾಲಿ ಜಾಗವಿದೆ.

"ನಂದೇನ್ ಕೂಲಿ ಅಕ್ಕಾ, ನಾ ಮನ್ಯಾಗೇ ಇರ್ತೀನಿ."

"ಖಾತ್ರಿ ಕೆಲಸಕ್ಕ ಹೋದ್ರ 370 ಕೊಡ್ತಾರ."

2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಅಷ್ಟಿತ್ತು. ಅಕ್ಕ 370 ಎಂದು ಬರೆಯುವಷ್ಟರಲ್ಲಿ ಮೂಲೆಯಿಂದ ಜಗಳವೇ ಬರುತ್ತದೆ. ಅದು ಸಂಜೆಯವರೆಗಿನ ಕೂಲಿ, ರೊಟ್ಟಿ ಕೆಲಸ ಮಧ್ಯಾಹ್ನಕ್ಕೆ ಮುಗೀತದ, ಮಕ್ಕಳನ್ನೂ ನೋಡಿಕೊಳ್ಳಬಹುದು, ಇಡೀ ದಿನದ್ದು ಹ್ಯಾಂಗ ಹಿಡೀತಿ? ಸರಿಯಾದ ಮಾತು. ಅಕ್ಕ ಅಂಗೈಯಿಂದ 370 ಒರೆಸಿ 185 ಬರೆಯುತ್ತಾಳೆ. ಇನ್ನೂರರಲ್ಲಿ 185 ಹೋದರೆ ಹದಿನೈದು.

ನೂರು ರೊಟ್ಟಿಗೆ ಹದಿನೈದು ರೂಪಾಯಿ. ಹಂಚು ತೂತಾದರೆ, ಕೈ ಸುಟ್ಟರೆ, ಅಂಗಡಿಯವನು ಹತ್ತು ರೊಟ್ಟಿ ಮುರಿದಿವೆ ಎಂದು ವಾಪಸ್ ಕಳಿಸಿದರೆ, ಎಲ್ಲ ಈ ಹದಿನೈದರಲ್ಲಿ.

ಮುಂದಿನ ಮಾತು ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ನೀನು ಎಷ್ಟಕ್ಕೆ ಕೊಡುತ್ತೀ? ಉಪ್ಪು ಎಷ್ಟು, ಎಸರು ಎಷ್ಟು, ಯಾವ ಆಫೀಸಿನಲ್ಲಿ ಯಾರನ್ನು ಕಾಣಬೇಕು, ಇದೆಲ್ಲ ಕೇಳಿದರೆ ಹೇಳುತ್ತಾರೆ. ರೊಟ್ಟಿ ಯಂತ್ರಕ್ಕೆ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ 35, ಅದರ ಮೇಲೆ ರಾಜ್ಯದ್ದು ಇನ್ನೂ 15 ಪರ್ಸೆಂಟ್ ಸಹಾಯಧನ ಉಂಟೆಂದು ಆಗಲೇ ಒಬ್ಬಾಕೆ ಕಾಗದಗಳ ಹೆಸರಿನ ಸಮೇತ ಹೇಳಿದ್ದಳು. ರೇಟ್ ಮಾತ್ರ ಸೆರಗಿನ ಗಂಟು. ಹೇಳಿದರೆ ನಾಳೆ ಇವಳು ಎಂಟಾಣೆ ಕಡಿಮೆಗೆ ಕೊಟ್ಟು ನನ್ನ ಅಂಗಡಿ ಹಿಡಿದರೆ?

"ಗುಟ್ಟು ಇಟ್ಕೊಂಡು ಏನ್ ಗಳಿಸೀವಿ?" ಕಾಕಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. "ಅಂಗಡಿಯವಗ ನಮ್ಮೆಲ್ಲರ ರೇಟೂ ಗೊತ್ತದ. ಗೊತ್ತಿಲ್ಲದಾವ್ರು ನಾವಷ್ಟೇ."

ಆ ಮಾತು ಗಂಟನ್ನು ಬಿಚ್ಚಿತು. ಒಬ್ಬಳು ಏಳು, ಒಬ್ಬಳು ಆರೂವರೆ, ಹಸಿರು ಸೀರೆಯವಳ ಪಕ್ಕದವಳು ಆರು. ಮದುವೆ ಮನೆಗಳಿಗೆ ನೇರ ಕೊಡುವವಳು ಒಬ್ಬಳೇ ಹತ್ತು. ಆರರವಳು ಮುಖ ಮುಚ್ಚಿಕೊಂಡು ನಗುತ್ತಾಳೆ, ಅಳುವುದಕ್ಕೆ ಹತ್ತಿರದ ನಗೆ. ಎಂಟಕ್ಕಿಂತ ಕಡಿಮೆಗೆ ಯಾರೂ ಕೊಡಬಾರದು ಎಂದು ಠರಾವು. ಬರೆದುಕೊಂಡವಳು ತಂಗಿ, ಹೆಬ್ಬೆಟ್ಟು ಸಹಿತ ಇಪ್ಪತ್ತಾರು ಸಹಿ.

ಮೂರು ಗಂಟೆಗೆ ಆಟೊ. ಸೂಪರ್ ಮಾರ್ಕೆಟ್ ಕಡೆ ಹೋಗುವಾಗ ಅಕ್ಕನ ಮಡಿಲಲ್ಲಿ ರೊಟ್ಟಿ, ನಿಮ್ಮ ಮಡಿಲಲ್ಲೂ ರೊಟ್ಟಿ. ಗುಂಡಿ ಬಂದಾಗಲೆಲ್ಲ ಅವಳ ಎರಡೂ ಕೈ ಕಟ್ಟನ್ನು ಎತ್ತಿ ಹಿಡಿಯುತ್ತವೆ, ನೆಗಡಿಯ ಕೂಸನ್ನು ಹಿಡಿದಂತೆ. ದಾರಿಯಲ್ಲಿ ತಂಗಿ ಹೇಳುತ್ತಾಳೆ: ಜಿಲ್ಲಾಡಳಿತದ ‘ಕಲಬುರಗಿ ರೊಟ್ಟಿ’ ಬ್ರ್ಯಾಂಡ್ ಬಗ್ಗೆ 2025ರ ಜೂನ್ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಮಾತಾಡಿದರು, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಲ್ಲೂ ಕೌಂಟರ್ ಇದೆ, ನಾವೂ ಅದಕ್ಕೆ ಸೇರೋಣ. ಅಕ್ಕ ಕೇಳಿಸಿಕೊಳ್ಳುತ್ತಾಳೆ. "ಅಲ್ಲಿ ಯಾರನ್ನ ಕೇಳಬೇಕು, ಮೊದಲ ಅದನ್ನ ಹುಡುಕು," ಎಂದಷ್ಟೇ ಹೇಳುತ್ತಾಳೆ. ಅವಳ ತುಟಿ ಬೇರೇನನ್ನೋ ಅಭ್ಯಾಸ ಮಾಡುತ್ತಿದೆ.

ಅಂಗಡಿಯವರು ಎಣಿಸಿ ಮುಗಿಸಿ ಗಲ್ಲೆಗೆ ಕೈ ಹಾಕಿದಾಗ ಅಕ್ಕ ಹೇಳುತ್ತಾಳೆ, "ಇವತ್ತಿಂದ ಎಂಟು ರೂಪಾಯ್ರಿ ಅಣ್ಣಾರ."

"ಏ, ಹೋಗವ್ವ. ಬ್ಯಾರೆಯವರು ಆರಕ್ಕ ತಂದು ಕೊಡ್ಲತ್ತಾರ."

"ಯಾರ್ ಹೇಳ್ರಿ. ಅವರ ನಂಬರ್ ನನ್ನ ಫೋನಿನಾಗ ಅದ, ಈಗೇ ಹಚ್ಚತೀನಿ."

ಅಂಗಡಿಯವರು ಅಕ್ಕನನ್ನು ನೋಡುತ್ತಾರೆ, ನಿಮ್ಮನ್ನು ನೋಡುತ್ತಾರೆ, ಫೋನನ್ನು ನೋಡುತ್ತಾರೆ. ಹೊರಗೆ ಬಸ್ಸಿನ ಹಾರನ್ನು. ಒಂದು ರೊಟ್ಟಿ ತೆಗೆದು ಅಂಚು ಮುರಿಯುತ್ತಾರೆ. ಕಟಕ್.

"ಏಳೂವರಿ. ಅದರ ಮ್ಯಾಲ ಒಂದ್ ಪೈಸೆ ಕೇಳಬ್ಯಾಡ."

ಅಕ್ಕ ಒಂದು ಕ್ಷಣ ನಿಲ್ಲುತ್ತಾಳೆ. ಕಟ್ಟು ವಾಪಸ್ ಹೊತ್ತರೆ ಮತ್ತೆ ಆಟೊ 40. ತಲೆ ಆಡಿಸುತ್ತಾಳೆ. ನೂರಕ್ಕೆ ಐವತ್ತು ಹೆಚ್ಚು. ಹದಿನೈದು ಇದ್ದದ್ದು ಅರವತ್ತೈದಾಯಿತು. ಠರಾವಿನ ಮಾತನ್ನು ವಾಪಸ್ ಬರುವ ಆಟೊದಲ್ಲಿ ಯಾರೂ ಎತ್ತುವುದಿಲ್ಲ.

ರಾತ್ರಿ ಎಂಟೂವರೆ. ಮನೆಯವರ ಊಟಕ್ಕೆ ಒಂದೇ ಒಲೆ ಉರಿಯುತ್ತಿದೆ. ಪುಂಡಿಪಲ್ಯ ಕುದಿಯುತ್ತಿದೆ, ತಂಗಿ ಪರಾತದ ಮುಂದೆ ಕೂತು ರೊಟ್ಟಿ ಕಲಿಯುತ್ತಿದ್ದಾಳೆ. ಅವಳ ತಪ್ ತಪ್‌ಗೆ ಲಯ ಬಂದಿಲ್ಲ, ಅಂಚು ಸೀಳುತ್ತಿದೆ. ಗೊತ್ತಿಲ್ಲದ ನಂಬರಿನಿಂದ ಫೋನ್. ಅಕ್ಕ ಸ್ಪೀಕರ್ ಒತ್ತುತ್ತಾಳೆ.

"ಅಕ್ಕಾರ, ನಾ ಆಳಂದ ಕಡೀದಾಕಿರಿ. ನಿಮ್ಮ ನಂಬರ್ ಹುಬ್ಬಳ್ಳಿ ಹಪ್ಪಳದಕ್ಕ ಕೊಟ್ರು. ನಮ್ಮ ರೊಟ್ಟಿಗಿ ನಾಕ ದಿನಕ್ಕೇ ಬೂಷ್ಟು ಬರ್ಲತ್ತದ್ರಿ."

ಅಕ್ಕ ಕಟ್ಟಿಗೆ ಹಿಂದೆಳೆದು ಉರಿ ಸಣ್ಣ ಮಾಡುತ್ತಾಳೆ. "ಬಿಸಿ ಇದ್ದಾಗ ಕಟ್ತಿ ಏನು?"

ಮುಂದಿನ ಇಪ್ಪತ್ತು ನಿಮಿಷ ನಿಮಗೆ ಕೇಳುವುದು ಹಬೆ, ಬಟ್ಟೆ, ಕಟಕ್, ಮುಚ್ಚಳ. ಆಚೆಯ ದನಿ ಪ್ರತಿ ಮಾತಿಗೂ "ಹೂಂರಿ, ಹೂಂರಿ" ಎನ್ನುತ್ತದೆ. ಕೊನೆಗೆ ಅಳುಕುತ್ತ ಕೇಳುತ್ತದೆ: ನೀವು ಯಾವ ಅಂಗಡಿಗೆ ಹಾಕ್ತೀರಿ ಅಕ್ಕಾರ?

"ಅದನ್ನ ಕೇಳಬ್ಯಾಡ ತಂಗಿ. ನಿನ್ನ ಅಂಗಡಿ ನೀನೇ ಹುಡುಕ್ಕೋ." ಅಕ್ಕ ನಗುತ್ತಾಳೆ. "ಆದ್ರ ಎಂಟಕ್ಕಿಂತ ಕಡಿಮಿ ಯಾರಿಗೂ ಕೊಡಬ್ಯಾಡ. ನೋಡು, ನಾ ಹೇಳೀನಿ."

ತಂಗಿಯ ಕೈ ಪರಾತದ ಮೇಲೆ ನಿಂತಿದೆ. ಅವಳು ತಲೆ ಎತ್ತಿ ಅಕ್ಕನನ್ನು ನೋಡುತ್ತಾಳೆ.

"ನನ್ನ ಮುಖ ಯಾಕ ನೋಡ್ತಿ? ಹಿಟ್ಟು ಆರ್ಲತ್ತದ, ಬಡಿ."